ಸುಬ್ಬಣ್ಣ ಇವತ್ತಿಲ್ಲ ಅಂದ್ಕೊಳ್ಳಿ

ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಟೈರ್ ಅಂಗಡಿಯ ಹಿಂದಿರುವ ಅಡುಗೆಮನೆಯ ಮುಂದೆ ಹಳೇ ಕಾರೊಂದು ಬಂದು ನಿಲ್ಲುತ್ತದೆ. ಸ್ಟಿಯರಿಂಗ್ ಹಿಡಿದಿರುವುದು ಶ್ರೀಧರ ಅವರು. ಈ ಹೊತ್ತಿನಲ್ಲಿ ಹಾಸಿಗೆ ಬಿಟ್ಟು ಹೆಂಡತಿಯನ್ನು ಬಿಡೋಕೆ ಬಂದಿದ್ದೇ ಸಾಕು, ಮೇಲೆ ಮಾತು ಬೇರೆ ಬೇಕಾ ಅನ್ನುವ ಮುಖ. ಇನ್ನೊಂದು ಬಾಗಿಲಿಂದ ವಿಶಾಲಾಕ್ಷಿ ಇಳಿಯುತ್ತಾರೆ. ಅರವತ್ತು ದಾಟಿದ ಹೆಂಗಸು, ಸೀರೆ ಬಿಟ್ಟು ಪ್ಯಾಂಟಿಗೆ ಬಂದು ಬಹಳ ವರ್ಷವಾಯಿತು. ಕಾಲಲ್ಲಿ ಜಾರದ ಕಪ್ಪು ಶೂ, ಬಗಲಲ್ಲಿ ಬಟ್ಟೆ ಚೀಲ, ಚೀಲದೊಳಗೆ ಕೆಂಪು ಉಲ್ಲನ್ನಿನ ದೊಡ್ಡ ಉಂಡೆ.

ಒಳಗೆ ಹೋದವರೇ ದೀಪ ಹಾಕಿ, ಫಿಲ್ಟರ್‌ನಲ್ಲಿ ಇಳಿದ ಡಿಕಾಕ್ಷನ್ನಿಗೆ ಹಾಲು ಸುರಿದು ಒಂದು ಲೋಟ ಕಾಫಿ ಮಾಡಿ ಕಿಟಕಿ ಕಟ್ಟೆಯ ಮೇಲೆ ಇಡುತ್ತಾರೆ. ಮಂಗಳವಾರದ ಆ ಕಾಫಿಯನ್ನು ಅವರು ಬಿಸಿಯಾಗಿ ಕುಡಿದದ್ದನ್ನು ಕಂಡವರಿಲ್ಲ. ಅಷ್ಟರಲ್ಲಿ ಒಬ್ಬೊಬ್ಬರೇ ಬರತೊಡಗುತ್ತಾರೆ. ದೋಸೆ ಹಂಚಿನ ಕಲ್ಮೇಶ, ಹುಬ್ಬಳ್ಳಿ ಕಡೆಯವನು. ಊಟದ ವ್ಯಾನನ್ನು ಸರೋವರದ ಸೇತುವೆ ದಾಟಿಸಿ ಆಫೀಸುಗಳಿಗೆ ಒಯ್ಯುವ ತೇಜಶ್ರೀ, ಬೆಂಗಳೂರಿನ ಹುಡುಗಿ. ತರಕಾರಿ ಹೆಚ್ಚುವ ಲೂಪೆ, ಮೆಕ್ಸಿಕೋದವಳು, ಈ ಅಡುಗೆಮನೆಯಲ್ಲಿ ನಿಂತೇ ನಾಲ್ಕು ಮಾತು ಕನ್ನಡ ಕಲಿತವಳು. ಪ್ರತಿ ಮಂಗಳವಾರ ಹಿಂದಿನ ಬಾಗಿಲ ಹತ್ತಿರ, ಲೋಡಿಂಗ್ ಮಾಡುವ ಜಾಗದಲ್ಲಿ, ದಾರದ ಆಟಕ್ಕೆ ಹದಿನಾಲ್ಕು ಜನ ದುಂಡಗೆ ನಿಲ್ಲಬೇಕು. ಇವತ್ತು ಹದಿಮೂರೇ. ಒಂದು ಜಾಗ ಖಾಲಿ. ಅದು ದೊಡ್ಡ ಅಡುಗೆಯ ಸುಬ್ಬಣ್ಣನ ಜಾಗ.

"ಗ್ರೈಂಡರ್ ಗರ್ ಅಂತ ಸದ್ದು ಮಾಡಿ ನಿಂತೋಯ್ತು," ಅನ್ನುತ್ತಾರೆ ವಿಶಾಲಾಕ್ಷಿ, ಉಂಡೆಯನ್ನು ತೇಜಶ್ರೀ ಕೈಗೆ ಕೊಟ್ಟು. "ಯಾರನ್ನ ಕೇಳ್ತೀಯಾ?"

"ಕಲ್ಮೇಶಣ್ಣನ್ನ." ಅವಳು ದಾರದ ತುದಿ ಹಿಡಿದುಕೊಂಡು ಉಂಡೆ ಎಸೆಯುತ್ತಾಳೆ. ಕಲ್ಮೇಶ ಹಿಡಿಯುತ್ತಾನೆ. ಇಬ್ಬರ ನಡುವೆ ಒಂದು ಕೆಂಪು ಗೆರೆ.

"ಕಲ್ಮೇಶ, ವ್ಯಾನು ಸೇತುವೆ ಮೇಲೆ ಸಿಕ್ಕಾಕೊಂಡಿದೆ. ಊಟ ಲೇಟು ಅಂತ ಆಫೀಸಿನವರಿಗೆ ಹೇಳ್ಬೇಕು. ಯಾರನ್ನ ಕೇಳ್ತೀಯಾ?"

"ತೇಜಶ್ರೀನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ ಅಕ್ಕಾರ? ಎಲ್ಲಾ ನಂಬರ್ ಆಕಿ ಹತ್ರನ ಅದಾವು."

"ಸೇತುವೆ ಮೇಲೆ ಸಿಕ್ಕಾಕೊಂಡಿರೋಳೇ ಅವಳಲ್ವೇನೋ!"

ನಗು. ಕಲ್ಮೇಶನ ಕೈಯಲ್ಲಿ ಉಂಡೆ ಹಾಗೇ ಉಳಿಯುತ್ತದೆ. "ನೋಡಿ, ಇಲ್ಲೊಂದು ತೂತು," ಅನ್ನುತ್ತಾರೆ ವಿಶಾಲಾಕ್ಷಿ, ಉಡುಗೊರೆ ಸಿಕ್ಕಿದಷ್ಟು ಖುಷಿಯಿಂದ. ತೂತು ಮುಚ್ಚದೆ ಯಾರೂ ಕದಲುವಂತಿಲ್ಲ. ಯಾವ ಕಟ್ಟಡದಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ತೇಜಶ್ರೀ ಅಲ್ಲೇ ಲೂಪೆಗೂ ಕಲ್ಮೇಶನಿಗೂ ಹೇಳಿಕೊಡುತ್ತಾಳೆ. ಆಮೇಲೆ ಮುಂದಿನ ಪ್ರಶ್ನೆ. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಅಲ್ಲಿ ಜನರ ನಡುವೆ ಒಂದು ಕೆಂಪು ಬಲೆ ಎದ್ದಿರುತ್ತದೆ. ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ, ಯಾರೊಬ್ಬರು ಕೂತರೆ ಇಡೀ ಮನೆ ಕೂರುತ್ತದೆ, ಎಲ್ಲಾ ಕಣ್ಣಿಗೆ ರಾಚುತ್ತದೆ. ನೋಡಿ ಆಯಿತಾ, ದಾರ ಸುತ್ತಿ ಚೀಲಕ್ಕೆ ಹಾಕಿ, ಕೈ ತೊಳೆದುಕೊಂಡು ಒಲೆ ಹತ್ತಿಸುತ್ತಾರೆ.

ಈ ಊರಲ್ಲಿ ಇಂಥ ಕೆಲಸಕ್ಕೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಸೇತುವೆಯಾಚೆ, ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್‌ ಬಡಾವಣೆಯ ಗಾಜಿನ ಗೋಪುರಗಳಲ್ಲಿ, ಸಂಸ್ಥೆಯೊಳಗೆ ಯಾರಿಗೆ ಏನು ಗೊತ್ತು ಅಂತ ಪತ್ತೆ ಹಚ್ಚೋಕೆ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುತ್ತಾರೆ, ಅದಕ್ಕೊಬ್ಬರು ಮುಖ್ಯಸ್ಥರು, ಅವರಿಗೊಂದು ಕೋಣೆ. ಮಾಡಲಿ ಬಿಡಿ, ಒಳ್ಳೇ ಕೆಲಸವೇ. ಅದೇ ಕೆಲಸವನ್ನು ಏಪ್ರನ್ ಕಟ್ಟಿಕೊಂಡ ಹೆಂಗಸು ಲೋಡಿಂಗ್ ಬಾಗಿಲಲ್ಲಿ ನಿಂತು ಮಾಡಿದರೆ ಅದರ ಹೆಸರು ಟೈಮ್ ಪಾಸು! ಈ ಅಡುಗೆಮನೆಯ ಬಗ್ಗೆ ಸಮುದಾಯದ ಪತ್ರಿಕೆಗಳಲ್ಲಿ ಫೋಟೋ ಬಂದಿದೆ. ಮಾಲೀಕರದ್ದು ಬಂದಿದೆ, ಹೋಳಿಗೆಯದ್ದು ಬಂದಿದೆ, ಹೋಳಿಗೆ ತಿನ್ನುತ್ತಿರುವ ಅತಿಥಿಗಳದ್ದೂ ಬಂದಿದೆ. ವಿಶಾಲಾಕ್ಷಿಯವರ ಮೊಣಕೈ ಒಂದು ಫೋಟೋದ ಮೂಲೆಯಲ್ಲಿದೆ. ಅಷ್ಟೇ. ಹೊಟ್ಟೆ ಉರಿಯೋದಿಲ್ವಾ?

ಅವರಿಗೆ ಉರಿಯುವುದಿಲ್ಲ. "ಮೊಣಕೈನಾದ್ರೂ ಬಂತಲ್ಲ ಬಿಡಿ, ಅದೇ ಜಾಸ್ತಿ ಕೆಲಸ ಮಾಡೋದು," ಅಂತ ನಗುತ್ತಾರೆ.

ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಕಾಲ. ಕಿವಿಗೆ ಹೆಡ್‌ಫೋನು, ಎದುರಿಗೆ ಸಾಲು ಸಾಲು ತೂತುಗಳ ಬೋರ್ಡು, ಕೈಯಲ್ಲಿ ಹಗ್ಗದಂಥ ವೈರು. ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿದರೆ ಎರಡು ಊರು ಮಾತಾಡುತ್ತವೆ. "ನನಗೇನೂ ಗೊತ್ತಿರ್ತಿರ್ಲಿಲ್ಲ ಕಣಪ್ಪ. ಗೊತ್ತಿರೋರು ಯಾವ ತುದೀಲಿದಾರೆ ಅಂತ ಮಾತ್ರ ಗೊತ್ತಿತ್ತು. ಅಷ್ಟಕ್ಕೇ ಸಂಬಳ ಕೊಡ್ತಿದ್ರು!" ಯಂತ್ರ ಬಂತು, ಬೋರ್ಡು ಹೋಯಿತು. ವಿಮಾನದ ಬಿಡಿಭಾಗ ತಪಾಸಣೆ ಮಾಡುವ ಕೆಲಸ ಗಂಡನಿಗೆ ಇಲ್ಲಿ ಸಿಕ್ಕಿತು. ಹತ್ತಿರದ ಕ್ರಾಸ್‌ರೋಡ್ಸ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿಗೆ ಬಂದು ಸೇರಿದರು, ಈಗಲೂ ಅಲ್ಲೇ ಇದ್ದಾರೆ.

ಇಲ್ಲಿ ಮೊದಲು ಸಿಕ್ಕಿದ್ದು ಒಂದು ಶಾಲೆಯ ಊಟದ ಕೋಣೆಯ ಕೆಲಸ. ಟ್ರೇ ಎಲ್ಲಿದೆ, ಕೈಗವಸು ಎಲ್ಲಿದೆ, ಮಗುವೊಂದು ವಾಂತಿ ಮಾಡಿಕೊಂಡರೆ ಯಾರಿಗೆ ಹೇಳಬೇಕು, ಒಬ್ಬರೂ ತಿಳಿಸಲಿಲ್ಲ. ಎಲ್ಲರಿಗೂ ಎಲ್ಲಾ ಗೊತ್ತು ಅನ್ನುವ ಹಾಗೆ ಓಡಾಡುತ್ತಿದ್ದರು. ಇವರ ಇಂಗ್ಲಿಷು ಆಗ ಗಂಟಲಲ್ಲೇ ನಿಲ್ಲುತ್ತಿತ್ತು. ಒಂದಿನ ಐಸಿನ ಕೋಣೆಯ ಬಾಗಿಲು ಒಳಗಿಂದ ತೆಗೆಯೋದು ಹೇಗೆ ಅಂತ ತಿಳಿಯದೆ ಒಳಗೇ ನಿಂತು ಅತ್ತಿದ್ದರು. "ಗೊತ್ತಿಲ್ದೇ ಇದ್ರೆ ಕಲೀಬೋದು. ಯಾರನ್ನ ಕೇಳ್ಬೇಕು ಅನ್ನೋದೇ ಗೊತ್ತಿಲ್ದೇ ಇದ್ರೆ ಅಲ್ಲೇ ಹೆಪ್ಪುಗಟ್ಟೋದೇ. ನಾನು ನಿಜವಾಗ್ಲೂ ಹೆಪ್ಪುಗಟ್ಟಿದ್ದೆ!" ಈಗ ಇದನ್ನು ಹೇಳುವಾಗ ಮೇಜು ಬಡಿದು ನಗುತ್ತಾರೆ. ಆವತ್ತು ಹೇಗಿದ್ದಿರಬೇಕು, ನೀವೇ ಯೋಚಿಸಿ.

ಆಮೇಲೆ ವಿಜಯೇಂದ್ರ ಅವರು ಶುರು ಮಾಡಿದ ಈ ಅಡುಗೆಮನೆಗೆ ಬಂದರು. ಇಲ್ಲಿಂದ ದಿನಕ್ಕೆ ನಾನೂರು ಊಟ ಸೇತುವೆ ದಾಟಿ ಆಫೀಸುಗಳಿಗೆ ಹೋಗುತ್ತವೆ. ಬಂದ ಮೊದಲ ವಾರವೇ ಹೊಸ ಹುಡುಗನೊಬ್ಬ ಮೂಲೆಯಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದನ್ನು ವಿಶಾಲಾಕ್ಷಿ ಕಂಡರು. ಮಂಗಳವಾರ ಉಲ್ಲನ್ ತಂದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವರ ಹುದ್ದೆ ಆಗಲೂ ಪ್ಯಾಕಿಂಗು, ಈಗಲೂ ಪ್ಯಾಕಿಂಗು.

ಈಗ ಸುಬ್ಬಣ್ಣನ ವಿಷಯ. ತಲೆಮಾರುಗಳಿಂದ ಮದುವೆ ಮನೆಯ ಅಡುಗೆ ಮಾಡಿದ ವಂಶ. ಹುಳಿ, ಸಾರು, ಬಿಸಿಬೇಳೆಬಾತು, ಹೋಳಿಗೆ, ಎಲ್ಲದರ ಕೊನೇ ಮಾತು ಅವರದ್ದು. ಒಂಬತ್ತು ವರ್ಷದಿಂದ ಒಂದೂ ರಜೆ ಹಾಕಿದವರಲ್ಲ. ಹ್ಯೂಸ್ಟನ್‌ನಲ್ಲಿರುವ ಮಗಳು ಭಾವನಾಗೆ ಮೊದಲ ಮಗು ಆದಾಗಲೂ ಹೋಗಲಿಲ್ಲ. ನಾಮಕರಣವನ್ನು ಫೋನಿನಲ್ಲಿ ನೋಡಿದ್ದರು, ಅದೂ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದು. ಈ ಚಳಿಗಾಲದಲ್ಲಿ ಎರಡನೇ ಮಗು ಹುಟ್ಟಿತು. ಮಗಳು ಪಟ್ಟು ಹಿಡಿದಳು. "ಅಪ್ಪಾ, ಆಸ್ಪತ್ರೆ ಕಾಗದಕ್ಕೆ ಏನೋ ಒಂದು ಬರ್ಸಿದೀವಿ. ಕಿವೀಲಿ ಹೆಸರು ಹೇಳೋದು ಮಾತ್ರ ನೀನೇ. ನೀನು ಬರೋವರೆಗೂ ನಾಮಕರಣ ಇಲ್ಲ."

ಸುಬ್ಬಣ್ಣ ಇದನ್ನು ಹೆಮ್ಮೆಯಿಂದಲೇ ಎಲ್ಲರಿಗೂ ಹೇಳಿದರು. ಕೊನೆಗೆ, "ನಾನ್ ಹೋದ್ರೆ ಇಲ್ಲಿ ಯಾರು ಮಾಡ್ತಾರೆ? ಆಗೋದಲ್ಲ ಬಿಡಿ," ಅಂದರು. ಅಂದು ಬಾಣಲೆ ಕಡೆ ತಿರುಗಿಕೊಂಡರು. ಹೋಗೋಕೆ ಎಷ್ಟು ಆಸೆ ಅಂತ ತಿಳಿಯಲು ಆ ಬೆನ್ನು ನೋಡಿದರೆ ಸಾಕಿತ್ತು.

ಆ ವಾರದ ಮಂಗಳವಾರ ದಾರದ ಆಟದಲ್ಲಿ ಹತ್ತರಲ್ಲಿ ಎಂಟು ಪ್ರಶ್ನೆಗೆ ಉಂಡೆ ಹಾರಿದ್ದು ಸುಬ್ಬಣ್ಣನ ಕೈಗೇ. ಹುಳಿ ಹೆಚ್ಚಾದರೆ? ಸುಬ್ಬಣ್ಣ. ಬೇಳೆ ತಳ ಹಿಡಿದರೆ? ಸುಬ್ಬಣ್ಣ. ಅವರು ಎರಡೂ ಕೈ ತುಂಬ ದಾರ ಹಿಡಿದು ಮದುಮಗನ ಹಾಗೆ ಬೀಗುತ್ತಾ ನಿಂತಿದ್ದರು. "ನೋಡ್ರಯ್ಯಾ, ಹೇಗಿದೆ!"

"ಸುಬ್ಬಣ್ಣ ಇವತ್ತಿಲ್ಲ ಅಂದ್ಕೊಳ್ಳಿ," ಅಂದರು ವಿಶಾಲಾಕ್ಷಿ.

"ಅಂದ್ರೆ?"

"ಕೈ ಬಿಡಿ. ಬಿಟ್ಟು ಈ ಕಡೆ ಬನ್ನಿ."

ಬಿಟ್ಟರು. ಇಡೀ ಬಲೆ ಸುಯ್ಯಂತ ನೆಲಕ್ಕೆ ಬಿತ್ತು. ಸುತ್ತ ನಿಂತವರ ಕೈಯಲ್ಲಿ ತುದಿಗಳು ಮಾತ್ರ. ಯಾರೂ ನಗಲಿಲ್ಲ. ಸುಬ್ಬಣ್ಣ ನೆಲದ ಮೇಲಿನ ಕೆಂಪು ರಾಶಿ ನೋಡುತ್ತಾ, "ಇದೇನಮ್ಮಾ ಇದು, ನಾನೇ ಕೊಂದ ಹಾಗಾಯ್ತಲ್ಲ," ಅಂದರು.

ಸರಿ, ಕಲಿಸಿಕೊಡಿ ಅಂದರೆ ಅವರಿಗೆ ಕಲಿಸೋಕೇ ಬರೋದಿಲ್ಲ! ಬಡಿಸುವ ಮುಂಚೆ ಅಡುಗೆಯ ರುಚಿ ನೋಡಿದರೆ ಎಂಜಲು ಅನ್ನುವ ಮನೆತನದವರು. ಜೀವಮಾನದಲ್ಲಿ ಒಂದು ಸಲವೂ ಸೌಟಿಂದ ನಾಲಿಗೆಗೆ ಹಾಕಿದವರಲ್ಲ. ಕಲ್ಮೇಶ ಪಕ್ಕದಲ್ಲಿ ನಿಂತು "ಉಪ್ಪು ಎಷ್ಟ್ರಿ?" ಅಂದರೆ "ಬೇಕಾದಷ್ಟು." "ಎಷ್ಟೊತ್ತು ಕುದಿಸ್ಬೇಕ್ರಿ?" "ಮೂಗಿಗೆ ಗೊತ್ತಾಗುತ್ತೆ." "ನನ್ನ ಮೂಗಿಗೆ ನೆಗಡಿ ಆಗೈತ್ರಿ ಸುಬ್ಬಣ್ಣಾರ!" ವಿಜಯೇಂದ್ರ ಅವರು ಎಲ್ಲಾ ದಾಖಲು ಮಾಡೋಣ ಅಂತ ಗೋಡೆಗೆ ಒಂದು ಟ್ಯಾಬ್ಲೆಟ್ ತಗುಲಿಸಿದರು. ಸುಬ್ಬಣ್ಣ ಅದರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಮೊದಲು ದೇವರಿಗೆ ಕೈ ಮುಗೀಬೇಕು," ಅಂದು ನಿಲ್ಲಿಸಿಬಿಟ್ಟರು.

ವಿಶಾಲಾಕ್ಷಿಯವರಿಗೆ ಹೊಳೆದದ್ದು ಆಗ. ಮುಂದಿನ ಮಂಗಳವಾರ ಉಂಡೆ ಎತ್ತಿ ಅಂದರು: "ಸುಬ್ಬಣ್ಣ ಹೇಗೆ ಮಾಡ್ತಾರೆ ಅನ್ನೋದು ಬೇಡ. ಯಾವಾಗ ಬೈತಾರೆ, ಅದನ್ನ ಹೇಳಿ. ಅವರ ಥರಾನೇ ಬೈಬೇಕು. ಬೈದೋರ ಕೈಗೆ ದಾರ."

ಒಂದು ಕ್ಷಣ ಎಲ್ಲರೂ ಸುಬ್ಬಣ್ಣನ ಮುಖ ನೋಡಿದರು. ಆಮೇಲೆ ಕಲ್ಮೇಶ ಹೆಗಲಿಗೆ ಟವೆಲ್ ಹಾಕಿ, ಹೊಟ್ಟೆ ಮುಂದೆ ಮಾಡಿ, ತನ್ನ ಹುಬ್ಬಳ್ಳಿ ಮಾತು ಬಿಟ್ಟು ಶುರು ಮಾಡಿದ: "ಏನಯ್ಯಾ, ಹುರುಳಿಕಾಯಿ ಇನ್ನೂ ಕಲ್ಲು ಕಲ್ಲು, ಆಗ್ಲೇ ಹುಣಸೆರಸ ಸುರಿದ್ಯಾ! ಇನ್ನು ಮುಂದಿನ ಯುಗಾದಿಗೂ ಬೇಯಲ್ಲ ಅದು!"

ಬಾಗಿಲು ಅದುರುವಂಥ ನಗು. ತೇಜಶ್ರೀ ಮುಂದೆ ಬಂದಳು: "ಬಿಸಿ ಬಿಸೀಲೇ ಡಬ್ಬಿ ಮುಚ್ಚಳ ಹಾಕಿದ್ಯಾ? ಒಳಗೆ ಮಳೆ ಸುರಿಯುತ್ತೆ ಮಳೆ! ಸಿಯಾಟಲ್ ಮಳೆ ಸಾಲ್ದಾ ನಿನಗೆ?" ಇನ್ನೊಬ್ಬರು: "ಸಾರು ನೊರೆ ಕಟ್ಟಿ ಎಷ್ಟೊತ್ತಾಯ್ತು, ಇನ್ನೂ ಉರೀತಾ ಇದೆಯಾ ಒಲೆ? ಕುದಿಸು ಕುದಿಸು, ಬಟ್ಟೆ ಒಗಿ ಅದರಲ್ಲಿ!"

"ಬಟ್ಟೆ ಅನ್ನಲ್ಲ ನಾನು," ಸುಬ್ಬಣ್ಣ ನಡುವೆ ಬಾಯಿ ಹಾಕಿದರು. ಮುಖ ಕೆಂಪಾಗಿತ್ತು, ಆದರೆ ಹೊಟ್ಟೆ ಕುಲುಕುತ್ತಿತ್ತು. "ಪಂಚೆ ಒಗಿ ಅಂತೀನಿ. ಸರಿಯಾಗಿ ಬೈರಿ!"

ಆಗ ಲೂಪೆ ಸೌಟು ಎತ್ತಿಕೊಂಡು, ಕಣ್ಣು ಅರಳಿಸಿ, ಸ್ವಚ್ಛ ಕನ್ನಡದಲ್ಲಿ ಗುಡುಗಿದಳು: "ಗಾರೆ! ಗಾರೆ ಕಲಸ್ತಿದೀಯಾ? ಮನೆ ಕಟ್ತೀಯಾ?"

ಬಿಸಿಬೇಳೆಬಾತು ಗಟ್ಟಿಯಾದಾಗಲೆಲ್ಲ ಅವಳು ಕೇಳಿದ ಬೈಗುಳ ಅದು. ಗಾರೆ ಅಂದರೆ ಗೋಡೆಗೆ ಮೆತ್ತುವ ಸಿಮೆಂಟು ಅಂತ ತೇಜಶ್ರೀ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗ ಲೂಪೆ ನೆಲಕ್ಕೆ ಕೂತು ನಕ್ಕಳು. ಅವಳಪ್ಪ ಊರಲ್ಲಿ ಗಾರೆ ಕೆಲಸದವನೇ! ಸುಬ್ಬಣ್ಣ ಅವಳ ಎದುರು ಕೂತು ಕೈ ಆಡಿಸುತ್ತಾ ವಿವರಿಸತೊಡಗಿದರು. "ನೋಡಮ್ಮಾ, ಅನ್ನ ಸುಮ್ನೆ ಕೂರಲ್ಲ. ಸೇತುವೆ ದಾಟೋವರೆಗೂ ನೀರು ಕುಡೀತಾನೇ ಹೋಗುತ್ತೆ. ಇಲ್ಲಿ ನೀರು ನೀರಾಗಿ ಕಂಡ್ರೇನೇ ಅಲ್ಲಿಗೆ ಹದ. ಇಲ್ಲಿ ಹದವಾಗಿ ಕಂಡ್ರೆ ಅಲ್ಲಿಗೆ ಗಾರೆ." ತೇಜಶ್ರೀ ಅದನ್ನೂ ಇಂಗ್ಲಿಷಿಗೆ ತಂದಳು. ಒಂಬತ್ತು ವರ್ಷದಲ್ಲಿ ಅವರು ಒಂದು ಅಡುಗೆಗೆ ಕಾರಣ ಕೊಟ್ಟದ್ದು ಅದೇ ಮೊದಲು. ಬೈಗುಳ ಎಳೆದರೆ ಬೆನ್ನಿಗೇ ವಿದ್ಯೆ ಬಂತು.

ಹಾಗೆ ಮಂಗಳವಾರದಿಂದ ಮಂಗಳವಾರಕ್ಕೆ ದಾರಗಳು ಜಾಗ ಬದಲಿಸಿದವು. ಹುಳಿ ಕಲ್ಮೇಶನಿಗೆ, ಬಾತಿನ ಹದ ಲೂಪೆಗೆ. ಸುಬ್ಬಣ್ಣನ ಹ್ಯೂಸ್ಟನ್ ಟಿಕೆಟ್ ಬುಕ್ ಆಯಿತು. ಅಷ್ಟರಲ್ಲಿ ಕಲ್ಲು ಬಿತ್ತು. ಡೆನ್ನಿ ಟ್ರಯಾಂಗಲ್‌ನ ಒಂದು ಆಫೀಸಿನಿಂದ ಯುಗಾದಿ ವಾರಕ್ಕೆ ದೊಡ್ಡ ಊಟದ ಆರ್ಡರ್ ಬಂತು, ದಿನಾ ಮಾಡುವುದರ ಎರಡರಷ್ಟು. ದಿನ ಯಾವುದು? ಹ್ಯೂಸ್ಟನ್‌ನಲ್ಲಿ ನಾಮಕರಣ ಇಟ್ಟುಕೊಂಡ ಅದೇ ಮಂಗಳವಾರ.

"ಒಂದು ವಾರ ಮುಂದೆ ಹಾಕಿ ಸುಬ್ಬಣ್ಣ," ಅಂದರು ವಿಜಯೇಂದ್ರ. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. ಸುಬ್ಬಣ್ಣ ತಲೆ ಅಲ್ಲಾಡಿಸಿ ಫೋನ್ ತೆಗೆದರು. ಹೀಗೇ ವಾರ ವಾರ ಮುಂದೆ ಹೋದರೆ ಎರಡನೇ ನಾಮಕರಣವನ್ನೂ ಒಗ್ಗರಣೆ ಸೌಟು ಹಿಡಿದೇ ನೋಡಬೇಕಿತ್ತು.

ವಿಶಾಲಾಕ್ಷಿ ಪ್ಯಾಕಿಂಗ್ ಮೇಜು ಬಿಟ್ಟು ಬಂದರು. "ಸರ್, ನಾಳೆ ಮಂಗಳವಾರ. ನೀವು ನಮ್ಮ ಜೊತೆ ದುಂಡಗೆ ನಿಂತ್ಕೊಳ್ಳಿ. ಸುಬ್ಬಣ್ಣ ಇಲ್ಲ ಅಂದ್ಕೊಂಡು ಆಡೋಣ. ದಾರ ಬಿದ್ರೆ ನಾನೇ ಕೂತು ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ."

"ಆಟದಲ್ಲಿ ಬೀಳ್ದಿದ್ರೆ ಊಟದಲ್ಲೂ ಬೀಳಲ್ವೇನ್ರೀ?"

"ನೋಡೋಣ ಬನ್ನಿ."

ಮಾರನೇ ದಿನ ಅವರೂ ಬಂದು ನಿಂತರು. ಬಲೆ ಎದ್ದಿತು. "ಸುಬ್ಬಣ್ಣ ಇವತ್ತಿಲ್ಲ," ಅಂದಾಗ ಸುಬ್ಬಣ್ಣ ಕಣ್ಣು ಮುಚ್ಚಿ ಕೈ ಬಿಟ್ಟರು. ಬಲೆ ಒಂದು ಕಡೆ ಜೋತು ಬಿತ್ತು. ಬಿದ್ದದ್ದು ಅಷ್ಟೇ, ಉಳಿದದ್ದು ನಿಂತಿತ್ತು.

"ಅಲ್ಲಿ ಜೋತಾಡ್ತಿದೆಯಲ್ಲ?" ವಿಜಯೇಂದ್ರ ಬೆರಳು ತೋರಿಸಿದರು.

"ಜೋತಾಡಿದ್ರೆ ಎಳ್ಕೋತೀವ್ರಿ," ಅಂದ ಕಲ್ಮೇಶ, ತನ್ನ ತುದಿ ಜಗ್ಗಿ. ಮಾಲೀಕರು ಸುಮಾರು ಹೊತ್ತು ನೋಡಿ, "ಹೋಗ್ಬನ್ನಿ ಸುಬ್ಬಣ್ಣ," ಅಂದರು.

ನಾಮಕರಣದ ಆ ಮಂಗಳವಾರವೇ ಇವತ್ತು. ಅದಕ್ಕೇ ಒಂದು ಜಾಗ ಖಾಲಿ.

ದಾರ ಚೀಲ ಸೇರಿದೆ. ಒಲೆಗಳೆಲ್ಲ ಹೊತ್ತಿವೆ. ಬೇಳೆಯ ಹಬೆಯಲ್ಲಿ ಗೋಡೆಯ ಟ್ಯಾಬ್ಲೆಟ್ ಬೆವರುತ್ತಿದೆ, ಯಾರೋ ಅದರಲ್ಲಿ ಹಾಡು ಹಾಕಿದ್ದಾರೆ. ಎಂಟು ಗಂಟೆಗೆ ಸ್ವಲ್ಪ ಮುಂಚೆ ದೊಡ್ಡ ಕೊಳಗದಲ್ಲಿ ಬಿಸಿಬೇಳೆಬಾತು ತಯಾರು. ತುಪ್ಪ ಮಿನುಗುತ್ತಿದೆ, ಸೌಟು ನಿಲ್ಲಿಸಿದರೆ ನಿಲ್ಲುವಂಥ ಹದ. ಕಲ್ಮೇಶನ ಮುಖದಲ್ಲಿ ಬೆಳಕು. "ಸುಬ್ಬಣ್ಣಾರ ನೋಡ್ಬೇಕಿತ್ತು," ಅನ್ನುತ್ತಾ ಟ್ರೇಗೆ ತುಂಬಲು ಸೌಟು ಹಾಕುತ್ತಾನೆ.

"ಗಾರೆ!"

ಲೂಪೆ. ಕೈಯಲ್ಲಿ ಕೊತ್ತಂಬರಿ ತಟ್ಟೆ. "ಗಾರೆ, ಗಾರೆ! ಮನೆ ಕಟ್ತೀಯಾ?"

ಇಡೀ ಅಡುಗೆಮನೆ ಗಕ್ಕನೆ ನಿಲ್ಲುತ್ತದೆ. ಕಲ್ಮೇಶ ಕೊಳಗ ನೋಡುತ್ತಾನೆ, ಲೂಪೆಯನ್ನು ನೋಡುತ್ತಾನೆ, ಗಡಿಯಾರ ನೋಡುತ್ತಾನೆ. ಬಾತು ಇಲ್ಲಿ ಹದವಾಗಿದೆ, ಅಂದರೆ ಆಚೆ ಹೋಗುವಷ್ಟರಲ್ಲಿ ಗೋಡೆ! "ಅಯ್ಯ ಶಿವನ, ಕುದಿಯೋ ನೀರು ತರ್ರೀ!" ತರುತ್ತಾರೆ. ಸುರಿಯುತ್ತಾರೆ, ತಿರುವುತ್ತಾರೆ, ಉಪ್ಪು ಖಾರ ಸರಿಮಾಡಿ ಮತ್ತೆ ಒಂದು ಕುದಿ. ಲೂಪೆ ಸೌಟಿಂದ ಎತ್ತಿ ಬಿಟ್ಟು ನೋಡಿ, ಸಾಕು ಅಂತ ತಲೆ ಅಲ್ಲಾಡಿಸುವವರೆಗೂ.

ಅದೇ ಹೊತ್ತಿಗೆ ತೇಜಶ್ರೀಯ ಫೋನು. ಪರದೆ ತುಂಬ ಸುಬ್ಬಣ್ಣ. ರೇಷ್ಮೆ ಪಂಚೆ, ಹಣೆಗೆ ಗಂಧ, ತೊಡೆ ಮೇಲೆ ಬಟ್ಟೆಯ ಗಂಟಿನ ಹಾಗಿರುವ ಕೂಸು. ಹ್ಯೂಸ್ಟನ್‌ನಲ್ಲಿ ಆಗಲೇ ಹತ್ತು ಗಂಟೆ, ಹಿಂದೆ ಪುರೋಹಿತರು ಕಾಯುತ್ತಿದ್ದಾರೆ. "ಬಾತು ಸಡಿಲ ಇದೆಯೇನ್ರೋ?" ಅನ್ನುತ್ತಾರೆ ಸುಬ್ಬಣ್ಣ.

"ಸುಬ್ಬಣ್ಣಾರ, ಕೂಸಿನ ಕಿವ್ಯಾಗ ಹೆಸರ ಹೇಳ್ರಿ, ಬಾತಿನ ಚಿಂತಿ ಹೇಳಬ್ಯಾಡ್ರಿ!"

ಆ ಕಡೆಯೂ ಈ ಕಡೆಯೂ ನಗು. ವಿಶಾಲಾಕ್ಷಿ ಹೋಗಿ ಎಕ್ಸಾಸ್ಟ್ ಫ್ಯಾನ್ ಆರಿಸುತ್ತಾರೆ. ದಿನವಿಡೀ ಮೊರೆಯುವ ಮನೆ ಒಮ್ಮೆಗೇ ತಣ್ಣಗಾಗುತ್ತದೆ. ಸುಬ್ಬಣ್ಣ ಬಗ್ಗುತ್ತಾರೆ. ತುಟಿ ಅಲ್ಲಾಡಿದ್ದು ಕಾಣುತ್ತದೆ, ಮಾತು ಕೇಳುವುದಿಲ್ಲ. ಅದು ಕೂಸಿಗೆ ಮಾತ್ರ. ತಲೆ ಎತ್ತಿದಾಗ ಸೌಟು ಹಿಡಿಯುವ ಆ ಕೈ ಖಾಲಿ, ಕಣ್ಣು ತುಂಬಿ ಬಂದಿದೆ.

"ಏನ್ ಹೆಸರು ಸುಬ್ಬಣ್ಣ?" ತೇಜಶ್ರೀ ತಡೆಯಲಾರದೆ ಕೇಳುತ್ತಾಳೆ.

"ಕಶ್ಯಪ್. ಹೋಗಿ ಹೋಗಿ, ಮುಚ್ಚಳ ಬಿಸೀಲಿ ಹಾಕ್ಬೇಡಿ!"

ವ್ಯಾನು ಸೇತುವೆ ದಾಟಿತು. ಮಧ್ಯಾಹ್ನ ತೇಜಶ್ರೀಯ ಕಾಲ್ ಬಂತು: "ವಿಶಾಲಕ್ಕಾ, ಟ್ರೇ ಎಲ್ಲಾ ಖಾಲಿ. ಲೂಪೆಗೆ ಹೇಳಿ, ಗಾರೆ ಅಲ್ಲ ಅಂತ."

ನಿಮ್ಮ ಆಸೆ ಏನು ಅಂತ ವಿಶಾಲಾಕ್ಷಿಯವರನ್ನು ಕೇಳಿದರೆ ಅವರು ತಬ್ಬಿಬ್ಬಾಗುತ್ತಾರೆ. ಸಂಬಳ? ಹೆಚ್ಚಾದರೆ ಬೇಡ ಅನ್ನಲ್ಲ. ಫೋಟೋ? "ಬೇಡಪ್ಪ, ಹೇರ್‌ನೆಟ್‌ನಲ್ಲಿ ನಾನು ಬದನೆಕಾಯಿ ಥರ ಕಾಣ್ತೀನಿ." ಆಸೆಗೆ ಉತ್ತರ ಸಿಕ್ಕಿದ್ದು ಮುಂದಿನ ಮಂಗಳವಾರ, ಅದೂ ಅವರ ಬಾಯಿಂದಲ್ಲ.

ಸುಬ್ಬಣ್ಣ ಬಂದಿದ್ದರು, ಮಗಳು ಮಾಡಿಕೊಟ್ಟ ಲಾಡಿನ ಡಬ್ಬಿ ಸಮೇತ. ಎಲ್ಲರೂ ದುಂಡಗೆ ನಿಂತರು. ವಿಶಾಲಾಕ್ಷಿ ಕಾಫಿ ಲೋಟ ಕಿಟಕಿ ಕಟ್ಟೆಗೆ ಇಟ್ಟು ಚೀಲಕ್ಕೆ ಕೈ ಹಾಕಿದರು. ಉಂಡೆ ಇಲ್ಲ. ಅದು ತೇಜಶ್ರೀಯ ಕೈಯಲ್ಲಿತ್ತು.

"ವಿಶಾಲಕ್ಕ ಇವತ್ತಿಲ್ಲ ಅಂದ್ಕೊಳ್ಳಿ," ಅಂದಳು ಅವಳು.

"ಏನೇ ಇದು, ನನಗೇನಾಗಿದೆ?"

"ಏನೂ ಆಗಿಲ್ಲ. ಕೂತ್ಕೊಳ್ಳಿ ಆ ಕಡೆ. ಇಲ್ಲದೇ ಇರೋರು ಮಾತಾಡೋ ಹಾಗಿಲ್ಲ."

ಈರುಳ್ಳಿ ಕ್ರೇಟನ್ನು ಕವುಚಿ ಹಾಕಿ ಕೂರಿಸಿದರು. ಪ್ರಶ್ನೆ ತೇಜಶ್ರೀ ಕೇಳಿದಳು, ಉಂಡೆ ಹಾರಿತು. ಬಾತಿನ ಹದದ ಪ್ರಶ್ನೆಗೆ ಸುಬ್ಬಣ್ಣ ಎರಡೂ ಕೈ ಚಾಚಿದರು. ಉಂಡೆ ಅವರ ತಲೆ ಮೇಲಿಂದ ಲೂಪೆ ಕಡೆ ಹೋಯಿತು. "ಅಲ್ಲಾ, ನಾನ್ ಬಂದಿದೀನಲ್ರಯ್ಯಾ!" ಅಂತ ಅವರು ಕೂಗುತ್ತಿದ್ದರೆ ಲೂಪೆ ಸೌಟು ತೋರಿಸಿದಳು. ಬಲೆ ಏಳುತ್ತಾ ಹೋಯಿತು. ಎರಡು ಸಲ ವಿಶಾಲಾಕ್ಷಿ ಬಾಯಿ ತೆರೆದರು, ಎರಡು ಸಲವೂ ಎಲ್ಲರೂ ತಿರುಗಿ "ಶ್!" ಅಂದರು. ಒಂದು ತೂತು ಸಿಕ್ಕಿತು. ಅದನ್ನು ಅವರಿಲ್ಲದೆಯೇ ಮುಚ್ಚಿದರು.

ಆವತ್ತು ಹೇಗನಿಸಿತು ಅಂತ ಕೇಳಿದರೆ ಅವರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಹೇರ್‌ನೆಟ್ ಸರಿಮಾಡಿಕೊಂಡು, ಗುಟ್ಟು ಹೇಳುವವರ ಹಾಗೆ ಹತ್ತಿರ ಬರುತ್ತಾರೆ.

"ಏನೂ ಮಾಡ್ಲಿಲ್ಲಪ್ಪ. ಕೂತ್ಕೊಂಡು ಕಾಫಿ ಕುಡಿದೆ. ಬಿಸಿಯಾಗಿತ್ತು."